ಕೂಡದ ಮಣಿಕಟ್ಟಿನ ಮೂಳೆಗೆ ಯಾವ ಕಸಿ ಒಳ್ಳೆಯದು? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಇಂಥ ಸಂದೇಶಗಳು ಬಂದಿರಬಹುದು. ಒಂದರಲ್ಲಿ ಮಂಗರವಳ್ಳಿಯ ಫೋಟೊ ಇರುತ್ತದೆ. ಇದನ್ನು ಅರೆದು ಕಟ್ಟಿದರೆ ಎಂಥ ಮುರಿದ ಮೂಳೆಯೂ ಕೆಲವೇ ವಾರಗಳಲ್ಲಿ ಕೂಡುತ್ತದೆ, ಆಪರೇಷನ್ ಬೇಕಿಲ್ಲ ಎಂದು ಬರೆದಿರುತ್ತದೆ. ಇನ್ನೊಂದು ಹೆದರಿಸುವ ಸಂದೇಶ: ಮುರಿದದ್ದು ಕೈ, ಕತ್ತರಿಸುವುದು ಸೊಂಟದ ಮೂಳೆ, ಇದೆಲ್ಲ ದುಡ್ಡು ಮಾಡುವ ದಾರಿ ಎನ್ನುತ್ತದೆ. ಮೂರನೆಯದು ಸ್ವಲ್ಪ ಓದಿದವರು ಕಳಿಸುವಂಥದ್ದು. ರಕ್ತನಾಳದ ಸಮೇತ ಮೂಳೆ ಕಸಿ ಮಾಡುವುದು ಲೇಟೆಸ್ಟ್ ವಿಧಾನ, ಹಳೆಯ ವಿಧಾನಕ್ಕೆ ಒಪ್ಪಬೇಡಿ ಎಂಬ ಸಲಹೆ ಅದರಲ್ಲಿರುತ್ತದೆ.

ಮೂರರಲ್ಲೂ ಒಂದು ಚೂರು ನಿಜ ಇದೆ. ಉಳಿದದ್ದು ತಪ್ಪು. ಆ ತಪ್ಪನ್ನು ನಂಬಿ ಕಾಯುವವರು ಹೆಚ್ಚಾಗಿ ಇಪ್ಪತ್ತು ಮೂವತ್ತರ ವಯಸ್ಸಿನವರು. ಇನ್ನೂ ಮೂವತ್ತು ನಲವತ್ತು ವರ್ಷ ದುಡಿಯಬೇಕಾದ ಕೈ ಅದು.

ಸಂಕ್ಷಿಪ್ತವಾಗಿ ಹೇಳುವುದಾದರೆ

- ಮಣಿಕಟ್ಟಿನ ಸ್ಕೇಫಾಯ್ಡ್ ಎಂಬ ಚಿಕ್ಕ ಮೂಳೆ ಮುರಿದರೆ, ರಕ್ತ ಪೂರೈಕೆಯ ಕೊರತೆಯಿಂದ ಕೆಲವರಲ್ಲಿ ಅದು ಕೂಡುವುದೇ ಇಲ್ಲ.
- ಕೂಡದ ಮೂಳೆಯನ್ನು ಹಾಗೇ ಬಿಟ್ಟರೆ ವರ್ಷಗಳ ನಂತರ ಮಣಿಕಟ್ಟಿನ ಕೀಲು ಸವೆಯುತ್ತದೆ.
- ಮೂಳೆ ಕಸಿಯಲ್ಲಿ ಹಲವು ವಿಧಗಳಿವೆ. ಎಲ್ಲರಿಗೂ ಒಳ್ಳೆಯದು ಎನ್ನುವ ಒಂದೇ ಕಸಿ ಇಲ್ಲ. ತುಂಡಿನಲ್ಲಿ ಜೀವ ಇದೆಯೇ, ಮೂಳೆ ಬಾಗಿದೆಯೇ ಎಂಬುದನ್ನು ನೋಡಿ ಆಯ್ಕೆ ಮಾಡುತ್ತಾರೆ.
- ಯಾವ ಕಸಿ ಎಂಬುದರಷ್ಟೇ ಮುಖ್ಯವಾದದ್ದು ಎಷ್ಟು ಬೇಗ ಪತ್ತೆಯಾಯಿತು ಎಂಬುದು.

ಯಾವುದು ಈ ಮೂಳೆ?

ಮಣಿಕಟ್ಟಿನಲ್ಲಿ 8 ಚಿಕ್ಕ ಮೂಳೆಗಳಿವೆ. ಅವುಗಳಲ್ಲಿ ಅತಿ ಹೆಚ್ಚು ಮುರಿಯುವುದು ಹೆಬ್ಬೆರಳಿನ ಬುಡದ ಕಡೆ ಇರುವ ಸ್ಕೇಫಾಯ್ಡ್. ಗ್ರೀಕ್ ಭಾಷೆಯ ದೋಣಿ ಎಂಬ ಅರ್ಥದ ಪದದಿಂದ ಬಂದ ಹೆಸರು ಇದು. ಗಾತ್ರ ಗೋಡಂಬಿಗಿಂತ ಸ್ವಲ್ಪ ದೊಡ್ಡದು, ಆಕಾರವೂ ಹೆಚ್ಚುಕಡಿಮೆ ಹಾಗೇ.

ಇದು ಎಲ್ಲಿದೆ ಎಂದು ನೀವೇ ನೋಡಿಕೊಳ್ಳಬಹುದು. ಹೆಬ್ಬೆರಳನ್ನು ಹಿಂದಕ್ಕೆ ಚಾಚಿ. ಅದರ ಬುಡದಲ್ಲಿ ಎರಡು ನರದಂಥ ಗೆರೆಗಳು ಎದ್ದು, ನಡುವೆ ಒಂದು ಕುಳಿ ಬೀಳುತ್ತದೆ. ಹಿಂದೆ ನಶ್ಯ ಸೇದುವವರು ಚಿಟಿಕೆ ನಶ್ಯವನ್ನು ಅಲ್ಲಿ ಇಟ್ಟುಕೊಳ್ಳುತ್ತಿದ್ದರು. ಹಾಗಾಗಿ ವೈದ್ಯರೂ ಅದನ್ನು ನಶ್ಯದ ಕುಳಿ ಎಂದೇ ಕರೆಯುತ್ತಾರೆ. ಆ ಕುಳಿಯ ತಳದಲ್ಲಿ ಇರುವುದೇ ಸ್ಕೇಫಾಯ್ಡ್.

ಬೈಕ್ ಸ್ಕಿಡ್ ಆದಾಗ, ಕಬಡ್ಡಿಯಲ್ಲೋ ಕ್ರಿಕೆಟ್ಟಿನಲ್ಲೋ ಬಿದ್ದಾಗ ನಾವು ಅಂಗೈ ಊರುತ್ತೇವೆ. ಮೈಭಾರವೆಲ್ಲ ಹಿಂದಕ್ಕೆ ಬಾಗಿದ ಮಣಿಕಟ್ಟಿನ ಮೇಲೆ ಬೀಳುತ್ತದೆ. ಈ ಮೂಳೆ ಸಾಮಾನ್ಯವಾಗಿ ಮುರಿಯುವುದು ಹೀಗೆಯೇ. ಹೆಚ್ಚಾಗಿ ಮುರಿಯುವುದು ನಡುವೆ, ಅಂದರೆ ಮೂಳೆಯ ಸೊಂಟದಲ್ಲಿ.

ಇದರ ಮೋಸವೂ ಇಲ್ಲೇ ಶುರು. ಕೈ ಸೊಟ್ಟಗಾಗುವುದಿಲ್ಲ. ದೊಡ್ಡ ಬಾವು ಬರಲೇಬೇಕೆಂದಿಲ್ಲ. ಬೆರಳುಗಳೆಲ್ಲ ಆಡುತ್ತವೆ. ಮೊದಲ ದಿನದ ಎಕ್ಸ್-ರೇಯಲ್ಲಿ ಬಿರುಕು ಕಾಣದೇ ಇರುವ ಪ್ರಕರಣಗಳೂ ಕಡಿಮೆಯಲ್ಲ. ಉಳುಕಿರಬೇಕು ಅಂದುಕೊಂಡು ಎಣ್ಣೆ ಹಚ್ಚಿ, ಕ್ರೇಪ್ ಬ್ಯಾಂಡೇಜ್ ಸುತ್ತಿ ಸುಮ್ಮನಾಗುತ್ತೇವೆ. ಕೆಲವು ವಾರಗಳಲ್ಲಿ ನೋವೂ ಇಳಿಯುತ್ತದೆ. ಆದರೆ ನೋವು ಇಳಿದ ಮಾತ್ರಕ್ಕೆ ಮೂಳೆ ಕೂಡಿದೆ ಎಂದಲ್ಲ.

ಬೇರೆ ಮೂಳೆ ಕೂಡುತ್ತದೆ, ಇದೇಕೆ ಕೂಡುವುದಿಲ್ಲ?

ಮೂಳೆ ಕೂಡಲು ಮೂರು ಬೇಕು: ರಕ್ತ, ಅಲುಗಾಡದ ಸ್ಥಿತಿ, ತುಂಡುಗಳ ನಡುವೆ ತಾಗುವಷ್ಟು ಹತ್ತಿರ. ಸ್ಕೇಫಾಯ್ಡ್‌ಗೆ ಮೂರರಲ್ಲೂ ತೊಂದರೆ. ದೊಡ್ಡ ತೊಂದರೆ ರಕ್ತದ್ದು.

ಈ ಮೂಳೆಯ ಸುಮಾರು 80% ಮೇಲ್ಮೈ ನುಣುಪಾದ ಮೃದ್ವಸ್ಥಿಯಿಂದ ಮುಚ್ಚಿದೆ. ಅಲ್ಲಿ ರಕ್ತನಾಳ ಒಳಹೋಗಲು ಜಾಗ ಇಲ್ಲ. ಮುಖ್ಯ ನಾಳಗಳು ಬೆರಳುಗಳ ಕಡೆಯ ಅರ್ಧದಲ್ಲಿ ಒಳಹೊಕ್ಕು, ಅಲ್ಲಿಂದ ಹಿಂದಕ್ಕೆ, ಮುಂಗೈ ಕಡೆಯ ತುದಿಗೆ ಹರಿಯುತ್ತವೆ. ಮೂಳೆಯ 70ರಿಂದ 80% ಭಾಗಕ್ಕೆ ರಕ್ತ ಸಿಗುವುದು ಹೀಗೆ ಎಂದು ಗೆಲ್ಬರ್‌ಮನ್ ಮತ್ತು ಮೆನನ್ ಎಂಬ ವೈದ್ಯರು 1980ರಲ್ಲಿ ತೋರಿಸಿದರು.

ನಾಲೆಯ ಕೊನೆಯ ಭಾಗದಲ್ಲಿ ಗದ್ದೆ ಇರುವ ರೈತರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ನಾಲೆ ನಡುವೆ ಒಡೆದರೆ ಮೇಲಿನವರ ಗದ್ದೆಗೆ ನೀರು ಇರುತ್ತದೆ, ಕೊನೆಯವರ ಗದ್ದೆ ಒಣಗುತ್ತದೆ. ಸ್ಕೇಫಾಯ್ಡ್ ನಡುವೆ ಮುರಿದಾಗ ಆಗುವುದೂ ಅದೇ. ಮುಂಗೈ ಕಡೆಯ ತುಂಡಿಗೆ ರಕ್ತ ಕಡಿಮೆಯಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗಿ ಆ ತುಂಡು ಸಾಯುತ್ತದೆ. ಮುರಿತ ಮುಂಗೈ ಕಡೆಯ ತುದಿಗೆ ಹತ್ತಿರವಾದಷ್ಟೂ ಅಪಾಯ ಹೆಚ್ಚು.

ಎಲ್ಲರಿಗೂ ಹೀಗಾಗುವುದಿಲ್ಲ. ಬೇಗ ಪತ್ತೆಯಾಗಿ ಸರಿಯಾಗಿ ಪ್ಲಾಸ್ಟರ್ ಹಾಕಿದರೆ ಹೆಚ್ಚಿನ ಸ್ಕೇಫಾಯ್ಡ್‌ಗಳು ಕೂಡುತ್ತವೆ. ಒಟ್ಟಾರೆ ಸುಮಾರು ಹತ್ತರಲ್ಲಿ ಒಂದು ಕೂಡದೆ ಉಳಿಯುತ್ತದೆ. ಚಿಕಿತ್ಸೆ ಶುರುವಾಗುವುದು 4 ವಾರಕ್ಕಿಂತ ತಡವಾದರೆ ಈ ಅಪಾಯ ತುಂಬಾ ಏರುತ್ತದೆ. ಸಾಮಾನ್ಯವಾಗಿ 6 ತಿಂಗಳು ಕಳೆದರೂ ಕೂಡದಿದ್ದರೆ ಇನ್ನು ತಾನಾಗಿ ಕೂಡುವುದಿಲ್ಲ ಎಂದು ವೈದ್ಯರು ತೀರ್ಮಾನಿಸುತ್ತಾರೆ.

ನೋವಿಲ್ಲವಲ್ಲ, ಹಾಗೇ ಬಿಟ್ಟರೆ?

ಇಲ್ಲೇ ಹಲವರು ಎಡವುವುದು. ಕೂಡದ ಸ್ಕೇಫಾಯ್ಡ್ ಇಟ್ಟುಕೊಂಡೇ ವರ್ಷಗಟ್ಟಲೆ ಕೆಲಸ ಮಾಡುವವರಿದ್ದಾರೆ. ಭಾರ ಎತ್ತುವಾಗ, ಬೈಕಿನ ಆಕ್ಸಿಲರೇಟರ್ ತಿರುಗಿಸುವಾಗ, ದಂಡ ಹೊಡೆಯುವಾಗ ಮಾತ್ರ ಚುಚ್ಚಿದಂತಾಗುತ್ತದೆ.

ಒಳಗೆ ಮಾತ್ರ ಕೆಲಸ ನಡೆದೇ ಇರುತ್ತದೆ. ಮಣಿಕಟ್ಟಿನ ಎರಡು ಸಾಲು ಮೂಳೆಗಳನ್ನು ಹಿಡಿದಿಟ್ಟುಕೊಳ್ಳುವ ಕೊಂಡಿ ಸ್ಕೇಫಾಯ್ಡ್. ಕೊಂಡಿ ಮುರಿದರೆ ಸಾಲುಗಳು ಜರುಗುತ್ತವೆ. ಮೂಳೆ ನಡುವೆ ಮಡಚಿ ಗೂನು ಬೀಳುತ್ತದೆ. ಒಂದಕ್ಕೊಂದು ಸರಿಹೊಂದದ ಮೂಳೆಗಳು ಉಜ್ಜಿ ಮೃದ್ವಸ್ಥಿ ಸವೆಯುತ್ತದೆ. ಮೊದಲು ಹೆಬ್ಬೆರಳಿನ ಕಡೆಯ ಅಂಚು, ಆಮೇಲೆ ಮಣಿಕಟ್ಟಿನ ನಡುಭಾಗ. ಮುರಿದು ಹತ್ತು ವರ್ಷ ಕಳೆಯುವಷ್ಟರಲ್ಲಿ ಬಹುಪಾಲು ಜನರ ಎಕ್ಸ್-ರೇಯಲ್ಲಿ ಈ ಸವೆತ ಕಾಣುತ್ತದೆ.

ಕೀಲು ಸವೆದ ಮೇಲೆ ಮೂಳೆ ಕಸಿಯಿಂದ ದೊಡ್ಡ ಪ್ರಯೋಜನ ಇಲ್ಲ. ಆಗ ಉಳಿಯುವ ದಾರಿ ಕೆಲವು ಮೂಳೆ ತೆಗೆಯುವುದು ಅಥವಾ ಮೂಳೆಗಳನ್ನೇ ಒಂದಕ್ಕೊಂದು ಬೆಸೆದುಬಿಡುವುದು. ನೋವು ಕಡಿಮೆಯಾಗುತ್ತದೆ, ಆದರೆ ಮಣಿಕಟ್ಟಿನ ಚಲನೆಯ ಒಂದಷ್ಟು ಭಾಗ ಶಾಶ್ವತವಾಗಿ ಹೋಗುತ್ತದೆ. ಗಾರೆ ಕೆಲಸದವರು, ಮೆಕ್ಯಾನಿಕ್, ಡೆಲಿವರಿ ಹುಡುಗರು, ಹಾಲು ಕರೆಯುವವರು, ಕೀಬೋರ್ಡ್ ಮುಂದೆ ಕೂರುವವರು ಯಾರೇ ಆಗಲಿ, ಅದು ಸಣ್ಣ ನಷ್ಟವಲ್ಲ.

ಮೂಳೆ ಕಸಿ ಎಂದರೆ ಏನು?

ಕಸಿ ಎಂದರೆ ನಮಗೆ ನೆನಪಾಗುವುದು ಮಾವಿನ ಗಿಡ. ಮೂಳೆ ಕಸಿ ಅದಕ್ಕಿಂತ ಸ್ವಲ್ಪ ಬೇರೆ. ಕೂಡದ ಮುರಿತದ ನಡುವೆ ನಾರಿನಂಥ ಸತ್ತ ಅಂಗಾಂಶ ತುಂಬಿಕೊಂಡಿರುತ್ತದೆ. ಶಸ್ತ್ರಚಿಕಿತ್ಸಕರು ಅದನ್ನು ಕೆರೆದು ತೆಗೆದು, ಆರೋಗ್ಯವಂತ ಮೂಳೆ ಕಾಣುವವರೆಗೆ ಶುಚಿ ಮಾಡುತ್ತಾರೆ. ಅಲ್ಲೊಂದು ಖಾಲಿ ಜಾಗ ಆಗುತ್ತದೆ. ಅದೇ ವ್ಯಕ್ತಿಯ ಬೇರೆ ಮೂಳೆಯಿಂದ ತೆಗೆದ ತುಣುಕನ್ನು ಆ ಜಾಗಕ್ಕೆ ತುಂಬಿ, ಸ್ಕ್ರೂ ಅಥವಾ ತಂತಿಯಿಂದ ಬಿಗಿಯುತ್ತಾರೆ.

ಹೀಗೆ ಇಟ್ಟ ತುಣುಕು ಹೊಸ ಮನೆಯ ಸೆಂಟ್ರಿಂಗ್ ಇದ್ದಂತೆ. ಅದರ ಆಸರೆಯಲ್ಲಿ ಅಕ್ಕಪಕ್ಕದ ಮೂಳೆಯಿಂದ ರಕ್ತನಾಳಗಳೂ ಜೀವಕೋಶಗಳೂ ನಿಧಾನವಾಗಿ ಒಳನುಗ್ಗುತ್ತವೆ. ಹಳೆಯ ತುಣುಕನ್ನು ಕರಗಿಸುತ್ತಾ ಹೊಸ ಮೂಳೆ ಕಟ್ಟುತ್ತವೆ. ಜೊತೆಗೆ ತುಣುಕಿನಲ್ಲಿ ಬದುಕುಳಿದ ಕೋಶಗಳು, ಮೂಳೆ ಬೆಳೆಯಲು ಪ್ರಚೋದಿಸುವ ಪ್ರೋಟೀನ್‌ಗಳು ಸಹಾಯ ಮಾಡುತ್ತವೆ. ಅಮೆರಿಕದ ಮಾರ್ಷಲ್ ಯುರಿಸ್ಟ್ 1965ರಲ್ಲಿ ಮೂಳೆಗೇ ಇಂಥ ಪ್ರಚೋದಕ ಶಕ್ತಿ ಇದೆ ಎಂದು ತೋರಿಸಿದರು. ತನ್ನದೇ ಮೈಯ ಮೂಳೆ ಇಂದಿಗೂ ಮೊದಲ ಆಯ್ಕೆಯಾಗಿರುವುದಕ್ಕೆ ಕಾರಣ ಇದೇ: ಆಸರೆ, ಕೋಶ, ಪ್ರಚೋದನೆ ಮೂರೂ ಒಟ್ಟಿಗೆ ಸಿಗುತ್ತವೆ. ಕೃತಕ ಮೂಳೆ ಪುಡಿಯಲ್ಲಿ ಬಹುತೇಕ ಸಿಗುವುದು ಆಸರೆ ಮಾತ್ರ.

ಕಸಿಯ ವಿಧಗಳು: ಯಾವುದು ಯಾರಿಗೆ?

1. ಸ್ಪಂಜಿನಂಥ ಮೂಳೆ ತುಂಬುವುದು. ಸ್ವಿಟ್ಜರ್ಲೆಂಡ್‌ನ ಮಾಟಿ 1930ರ ದಶಕದಲ್ಲಿ ಶುರು ಮಾಡಿದ, ವಿಯೆನ್ನಾದ ಒಟ್ಟೊ ರುಸ್ಸೆ 1960ರಲ್ಲಿ ಸುಧಾರಿಸಿದ ವಿಧಾನ. ಮೂಳೆಯ ಒಳಗೆ ಕುಳಿ ಕೊರೆದು ಮೃದುವಾದ ಒಳಮೂಳೆಯನ್ನು ತುಂಬುತ್ತಾರೆ. ಆಕಾರ ಕೆಡದೆ, ಎರಡೂ ತುಂಡುಗಳಲ್ಲಿ ಜೀವ ಇರುವ ಮೂಳೆಗೆ ಇದು ಚೆನ್ನಾಗಿ ಒಗ್ಗುತ್ತದೆ.

2. ಬೆಣೆಯಂಥ ಮೂಳೆ ಇಡುವುದು. ಮೂಳೆ ಮಡಚಿ ಗೂನು ಬಿದ್ದಿದ್ದರೆ ಮೃದುವಾದ ಮೂಳೆ ತುಂಬಿದರಷ್ಟೇ ಅದು ನೆಟ್ಟಗಾಗುವುದು ಕಷ್ಟ. ಬಾಗಿಲು ಸರಿಯಾಗಿ ಕೂರದಿದ್ದಾಗ ಬಡಗಿ ಬೆಣೆ ಹೊಡೆಯುವಂತೆ, ಗಟ್ಟಿಯಾದ ಹೊರಪದರವೂ ಇರುವ ತುಂಡನ್ನು ಬೆಣೆಯಾಕಾರಕ್ಕೆ ಕೆತ್ತಿ ಕೂರಿಸುತ್ತಾರೆ. ಮೂಳೆಯ ಉದ್ದವೂ ಕೋನವೂ ಮೊದಲಿನಂತಾಗುತ್ತವೆ. ಬ್ರಿಟನ್ನಿನ ಫಿಸ್ಕ್ 1970ರಲ್ಲಿ ಹೇಳಿದ ಈ ವಿಧಾನವನ್ನು ಫರ್ನಾಂಡಿಸ್ 1984ರಲ್ಲಿ ಪಳಗಿಸಿದರು. ಅದೇ 1984ರಲ್ಲಿ ಆಸ್ಟ್ರೇಲಿಯಾದ ಹರ್ಬರ್ಟ್ ಮತ್ತು ಫಿಶರ್ ತಲೆಯಿಲ್ಲದ ಸ್ಕ್ರೂವಿನ ಫಲಿತಾಂಶ ಪ್ರಕಟಿಸಿದರು. ಅದು ಮೂಳೆಯೊಳಗೇ ಪೂರ್ತಿ ಹುದುಗಿ ಕುಳಿತುಕೊಳ್ಳುವುದರಿಂದ ಕೀಲಿಗೆ ತಾಗುವುದಿಲ್ಲ.

ಈ ಎರಡು ವಿಧಗಳಿಗೆ ಮೂಳೆ ಎಲ್ಲಿಂದ ತೆಗೆಯುತ್ತಾರೆ? ಒಂದೋ ಸೊಂಟದ ಮೂಳೆಯ ಅಂಚಿನಿಂದ, ಇಲ್ಲವೇ ಮಣಿಕಟ್ಟಿನ ಪಕ್ಕದಲ್ಲೇ ಇರುವ ಮುಂಗೈಯ ರೇಡಿಯಸ್ ಮೂಳೆಯಿಂದ. ಸೊಂಟದ ಮೂಳೆ ಗಟ್ಟಿ, ಬೇಕಾದಷ್ಟು ಸಿಗುತ್ತದೆ. ಆದರೆ ಅಲ್ಲಿ ಇನ್ನೊಂದು ಗಾಯ ಆಗುತ್ತದೆ. ಕೆಲವರಿಗೆ ನಡೆಯುವಾಗ ನೋವು, ತೊಡೆಯ ಹೊರಭಾಗದಲ್ಲಿ ಜೋಮು ಉಳಿಯಬಹುದು. ಮುಂಗೈಯಿಂದ ತೆಗೆದರೆ ಕೈಗಷ್ಟೇ ಅರಿವಳಿಕೆ ಕೊಟ್ಟು ಕೆಲಸ ಮುಗಿಸಬಹುದು. ಸಿಗುವ ಗಟ್ಟಿ ಮೂಳೆ ಮಾತ್ರ ಕಡಿಮೆ.

3. ಪಕ್ಕದ ಮೂಳೆಯನ್ನು ರಕ್ತನಾಳದ ಸಮೇತ ತಿರುಗಿಸುವುದು. ಒಣಗಿದ ಗದ್ದೆಗೆ ಹೊಸ ಮಣ್ಣು ಸುರಿಯುವುದು ಒಂದು, ಮಣ್ಣಿನ ಜೊತೆ ಒಂದು ಕಾಲುವೆಯನ್ನೂ ತರುವುದು ಇನ್ನೊಂದು. ಅರ್ಜೆಂಟೀನಾದ ಜೈಡೆಂಬರ್ಗ್ 1991ರಲ್ಲಿ ವಿವರಿಸಿದ್ದು ಎರಡನೆಯದನ್ನು. ರೇಡಿಯಸ್ ಮೂಳೆಯ ಮೇಲೆ ಹಾದುಹೋಗುವ ಒಂದು ಸಣ್ಣ ರಕ್ತನಾಳಕ್ಕೆ ಅಂಟಿಕೊಂಡಂತೆಯೇ ಮೂಳೆ ತುಣುಕನ್ನು ಬಿಡಿಸಿ, ನಾಳ ಕಡಿಯದೆ ತಿರುಗಿಸಿ, ಸ್ಕೇಫಾಯ್ಡ್‌ನಲ್ಲಿ ಕೂರಿಸುತ್ತಾರೆ. ತುಣುಕು ಜೀವಂತವಾಗಿಯೇ ಇರುತ್ತದೆ. ಮುಂಗೈ ಕಡೆಯ ತುಂಡು ಸತ್ತಿದ್ದು, ಮೂಳೆ ಹೆಚ್ಚು ಬಾಗದೇ ಇರುವವರಿಗೆ ಇದನ್ನು ಯೋಚಿಸುತ್ತಾರೆ.

4. ಮಂಡಿಯಿಂದ ಮೂಳೆ ತಂದು ನಾಳ ಜೋಡಿಸುವುದು. ಜಪಾನಿನ ವೈದ್ಯರು ರೂಪಿಸಿದ ವಿಧಾನ. ತೊಡೆಮೂಳೆಯ ಕೆಳತುದಿಯ ಒಳಭಾಗದಿಂದ ರಕ್ತನಾಳದ ಸಮೇತ ಮೂಳೆ ತೆಗೆದು, ಮಣಿಕಟ್ಟಿನ ರಕ್ತನಾಳಕ್ಕೆ ಮೈಕ್ರೋಸ್ಕೋಪ್ ಕೆಳಗೆ ಹೊಲಿಯುತ್ತಾರೆ. ಆಕಾರವನ್ನೂ ಸರಿಪಡಿಸುತ್ತದೆ, ರಕ್ತವನ್ನೂ ತರುತ್ತದೆ. ಆದರೆ ಆಪರೇಷನ್ ದೀರ್ಘ, ಪರಿಣತರು ಎಲ್ಲ ಊರಲ್ಲೂ ಇಲ್ಲ, ಮಂಡಿಯಲ್ಲೂ ಒಂದು ಗಾಯ. ತುಂಡು ಸತ್ತಿದ್ದು ಮೂಳೆಯೂ ಕುಸಿದಿದ್ದರೆ, ಅಥವಾ ಹಿಂದಿನ ಕಸಿ ಸೋತಿದ್ದರೆ ಇದರ ಸರದಿ.

ಹಾಗಾದರೆ ಹೋಲಿಕೆಯಲ್ಲಿ ಗೆದ್ದದ್ದು ಯಾವುದು?

ಮೊದಲಿಗೆ ಸೊಂಟವೋ ಮುಂಗೈಯೋ ಎಂಬ ಪ್ರಶ್ನೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯೊಂದರಲ್ಲಿ ಮುಂಗೈ ಮೂಳೆ ಬಳಸಿದಾಗ 89%, ಸೊಂಟದ ಮೂಳೆ ಬಳಸಿದಾಗ 87% ಕೂಡಿದ್ದವು. ಅಂದರೆ ಹೆಚ್ಚುಕಡಿಮೆ ಸಮ. ಅದೇ ವಿಮರ್ಶೆಯಲ್ಲಿ ರಕ್ತನಾಳ ಸಹಿತ ಕಸಿ 92%, ರಕ್ತನಾಳ ರಹಿತ ಕಸಿ 88%. ಅಲ್ಲೂ ಅಂತರ ದೊಡ್ಡದಲ್ಲ.

ತುಂಡು ಸತ್ತಿದ್ದರೆ ಮಾತ್ರ ಕಥೆ ಬೇರೆಯಾಗುತ್ತದೆ. ಆಪರೇಷನ್ ವೇಳೆ ವೈದ್ಯರು ಒಂದು ಸರಳ ಪರೀಕ್ಷೆ ಮಾಡುತ್ತಾರೆ: ಕೆರೆದ ಮೂಳೆಯಿಂದ ಚುಕ್ಕೆ ಚುಕ್ಕೆಯಾಗಿ ರಕ್ತ ಜಿನುಗುತ್ತದೆಯೇ ಎಂದು ನೋಡುವುದು. ಅಮೆರಿಕದ ಡೇವಿಡ್ ಗ್ರೀನ್ 1985ರಲ್ಲಿ ತಮ್ಮ 45 ಪ್ರಕರಣಗಳ ಲೆಕ್ಕ ಕೊಟ್ಟರು. ಎಲ್ಲರಿಗೂ ಮಾಡಿದ್ದು ಹಳೆಯ ರುಸ್ಸೆ ವಿಧಾನದ ಕಸಿ. ರಕ್ತ ಚೆನ್ನಾಗಿ ಜಿನುಗಿದವರಲ್ಲಿ 92% ಕೂಡಿತು. ಒಂದು ಹನಿಯೂ ಜಿನುಗದ ಐವರಲ್ಲಿ ಒಬ್ಬರಿಗೂ ಕೂಡಲಿಲ್ಲ.

2002ರಲ್ಲಿ ಮೆರೆಲ್ ಮತ್ತು ಸಂಗಡಿಗರು 36 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ತುಂಡು ಸತ್ತವರಲ್ಲಿ ರಕ್ತನಾಳ ಸಹಿತ ಕಸಿಯಿಂದ 88%, ಸಾಧಾರಣ ಬೆಣೆ ಕಸಿ ಮತ್ತು ಸ್ಕ್ರೂನಿಂದ 47% ಕೂಡಿದ್ದವು. ಇದೇ ವಿಶ್ಲೇಷಣೆಯ ಇನ್ನೊಂದು ಅಂಕಿ ಅಷ್ಟೇ ಮುಖ್ಯ: ಅಲುಗಾಡುವ ಮುರಿತಗಳಲ್ಲಿ ಕಸಿಯ ಜೊತೆ ಸ್ಕ್ರೂ ಹಾಕಿದಾಗ 94%, ತಂತಿ ಹಾಕಿ ಬೆಣೆ ಇಟ್ಟಾಗ 77%. ಕಸಿ ಯಾವುದೆಂಬುದರ ಜೊತೆಗೆ ಅದನ್ನು ಎಷ್ಟು ಬಿಗಿಯಾಗಿ ಹಿಡಿದಿಟ್ಟರು ಎಂಬುದೂ ಫಲಿತಾಂಶವನ್ನು ನಿರ್ಧರಿಸುತ್ತದೆ.

ರಕ್ತನಾಳ ಸಹಿತ ಕಸಿಗಳೂ ಎಲ್ಲವೂ ಒಂದೇ ಅಲ್ಲ. 2008ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ತುಂಡು ಸತ್ತಿದ್ದೂ ಮೂಳೆ ಕುಸಿದಿದ್ದೂ ಇರುವ 22 ಜನರಿದ್ದರು. ಮಂಡಿಯ ಮೂಳೆ ಪಡೆದ 12 ಜನರಲ್ಲಿ 12ಕ್ಕೆ 12 ಕೂಡಿತು. ಮುಂಗೈಯಿಂದ ತಿರುಗಿಸಿದ ಮೂಳೆ ಪಡೆದ 10 ಜನರಲ್ಲಿ ಕೂಡಿದ್ದು 4 ಮಾತ್ರ. ಮುಂಗೈ ಕಸಿ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಕುಸಿದ ಮೂಳೆಯನ್ನು ಎತ್ತಿ ನಿಲ್ಲಿಸುವುದು ಅದರಿಂದ ಸುಲಭವಲ್ಲ ಎಂದಷ್ಟೇ ಅರ್ಥ.

ಇಷ್ಟು ಓದಿದರೆ, ತುಂಡು ಸತ್ತಿದ್ದರೆ ರಕ್ತನಾಳ ಸಹಿತ ಕಸಿಯೇ ಸರಿ ಅನ್ನಿಸುತ್ತದೆ ಅಲ್ಲವೇ? ಅಲ್ಲೂ ಚರ್ಚೆ ಮುಗಿದಿಲ್ಲ. 2018ರಲ್ಲಿ ನ್ಯೂಯಾರ್ಕ್‌ನ ತಂಡವೊಂದು 35 ಜನರಿಗೆ ರಕ್ತನಾಳವಿಲ್ಲದ ಕಸಿ ಮತ್ತು ಸ್ಕ್ರೂ ಬಳಸಿ, ಮುಂಗೈ ಕಡೆಯ ತುಂಡಿನ ರಕ್ತ ಪೂರೈಕೆಯನ್ನೂ ಅಳೆಯಿತು. 33 ಜನರಿಗೆ ಕೂಡಿತು. ರಕ್ತ ಕಡಿಮೆ ಇದ್ದವರಿಗೂ ಕೂಡಿತು. ಚೆನ್ನಾಗಿ ಶುಚಿ ಮಾಡಿ, ಗಟ್ಟಿಯಾಗಿ ಬಿಗಿದರೆ ಸತ್ತಂತೆ ಕಾಣುವ ತುಂಡಿಗೂ ರಕ್ತ ಮರಳಬಹುದು ಎಂಬುದು ಅವರ ವಾದ.

ಇವುಗಳಲ್ಲಿ ಹೆಚ್ಚಿನವು ಸಣ್ಣ ಅಧ್ಯಯನಗಳು. ಯಾರಿಗೆ ಯಾವ ಕಸಿ ಎಂದು ವೈದ್ಯರೇ ಆರಿಸಿದ್ದವು. ಹಾಗಾಗಿ ಅಂಕಿಗಳನ್ನು ಕ್ರಿಕೆಟ್ ಸ್ಕೋರಿನಂತೆ ಹೋಲಿಸಬಾರದು. ಒಟ್ಟಾರೆ ಹೊರಡುವ ಅರ್ಥ ಇಷ್ಟು: ಜೀವ ಇರುವ, ನೇರವಾಗಿರುವ ಮೂಳೆಗೆ ಸರಳ ಕಸಿ ಸಾಕು. ಬಾಗಿದ್ದರೆ ಬೆಣೆ. ಸತ್ತಿದ್ದರೆ, ಅದರಲ್ಲೂ ಹಿಂದಿನ ಆಪರೇಷನ್ ಸೋತಿದ್ದರೆ ರಕ್ತನಾಳ ಸಹಿತ ಕಸಿಯ ಮಾತು ಬರುತ್ತದೆ. ಎಲ್ಲದರಲ್ಲೂ ಬಿಗಿ ಮುಖ್ಯ.

ಈಗ ಆ ಫಾರ್ವರ್ಡ್‌ಗಳಿಗೆ ಬರೋಣ

"ಮಂಗರವಳ್ಳಿ ಕಟ್ಟಿದರೆ ಆಪರೇಷನ್ ಬೇಡ." ಮಂಗರವಳ್ಳಿಯ ಬಗ್ಗೆ ನಿಜವಾದ ಸಂಶೋಧನೆ ನಡೆದಿದೆ. ಅದರಲ್ಲಿ ಮುಂಚೂಣಿಯಲ್ಲಿದ್ದವರು ನಮ್ಮ ಕರಾವಳಿಯವರೇ ಆದ ಡಾ. ಕೆ.ಎನ್. ಉಡುಪ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಅವರೂ ಜಿ.ಸಿ. ಪ್ರಸಾದ್ ಅವರೂ 1960ರ ದಶಕದಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಈ ಬಳ್ಳಿಯ ಸಾರದಿಂದ ಮುರಿದ ಮೂಳೆ ಬೇಗ ಗಟ್ಟಿಯಾಗುತ್ತದೆ ಎಂದು ವರದಿ ಮಾಡಿದರು. ಆದರೆ ಅಲ್ಲಿದ್ದದ್ದು ರಕ್ತ ಪೂರೈಕೆ ಇರುವ, ಆಗಷ್ಟೇ ಮುರಿದ ಮೂಳೆ. ತಿಂಗಳುಗಟ್ಟಲೆ ಕೂಡದೆ, ನಡುವೆ ನಾರು ತುಂಬಿ, ಒಂದು ತುಂಡಿಗೆ ರಕ್ತವೇ ಇಲ್ಲದ ಸ್ಕೇಫಾಯ್ಡ್ ಅಲ್ಲ. ಆ ನಾರನ್ನು ತೆಗೆಯುವುದಾಗಲಿ ಬಾಗಿದ ಮೂಳೆ ನೆಟ್ಟಗೆ ಮಾಡುವುದಾಗಲಿ ಯಾವ ಸೊಪ್ಪಿನಿಂದಲೂ ಆಗದು. ಮಂಗರವಳ್ಳಿ ಚಟ್ನಿ ತಿನ್ನಿ, ತೊಂದರೆಯಿಲ್ಲ. ಅದನ್ನು ನಂಬಿ ಆರು ತಿಂಗಳು ಕಾಯಬೇಡಿ.

"ನಮ್ಮೂರ ನಾಟಿ ವೈದ್ಯರು ಎಷ್ಟೋ ಜನರ ಮೂಳೆ ಕೂಡಿಸಿದ್ದಾರೆ." ಕೂಡಿರಬಹುದು. ಕೈಕಾಲಿನ ಅನೇಕ ಮೂಳೆಗಳು ಅಲುಗಾಡದಂತೆ ಕಟ್ಟಿದರೆ ತಾವಾಗಿ ಕೂಡುತ್ತವೆ. ಸ್ಕೇಫಾಯ್ಡ್ ಆ ಗುಂಪಿಗೆ ಸೇರುವುದಿಲ್ಲ. ಅದು ಮುರಿದಿದೆಯೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ಖಚಿತವಾಗಿ ಹೇಳಲು ಯಾರಿಗೂ, ಸರ್ಜನ್‌ಗೂ, ಆಗುವುದಿಲ್ಲ. ಚಿತ್ರ ಬೇಕೇ ಬೇಕು. ಮುರಿದ ಮಣಿಕಟ್ಟನ್ನು ಎಳೆದು ಉಜ್ಜುವುದರಿಂದ ತುಂಡುಗಳು ಇನ್ನಷ್ಟು ಜರುಗಬಹುದು.

"ಸೊಂಟದ ಮೂಳೆ ಕತ್ತರಿಸುವುದು ದುಡ್ಡಿಗಾಗಿ." ಸೊಂಟದಿಂದ ತೆಗೆಯುವುದು ಸಣ್ಣ ತುಂಡು. ಬಾಗಿದ ಮೂಳೆಗೆ ಗಟ್ಟಿ ಬೆಣೆ ಬೇಕಾದಾಗ ಅದಕ್ಕೆ ಕಾರಣ ಇದೆ. ಆದರೆ ಮುಂಗೈಯಿಂದ ತೆಗೆದರೆ ಆಗುವುದಿಲ್ಲವೇ ಎಂದು ಕೇಳುವ ಹಕ್ಕು ನಿಮಗೆ ಖಂಡಿತ ಇದೆ. ಹಲವರಿಗೆ ಆಗುತ್ತದೆ.

"ಲೇಟೆಸ್ಟ್ ಕಸಿಯೇ ಬೆಸ್ಟ್." ಮೇಲಿನ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಬೇಕಾಗದವರಿಗೆ ದೊಡ್ಡ ಆಪರೇಷನ್ ಮಾಡಿದರೆ ಸಿಗುವುದು ಇನ್ನೊಂದು ಗಾಯ, ಹೆಚ್ಚು ಖರ್ಚು.

"ಕ್ಯಾಲ್ಸಿಯಂ ಮಾತ್ರೆ, ರಾಗಿ, ಹಾಲು ಸಾಕು." ಆಹಾರ ಬೇಕು. ಆದರೆ ಇಲ್ಲಿ ಕೊರತೆ ಕ್ಯಾಲ್ಸಿಯಂನದಲ್ಲ, ಅದನ್ನು ಹೊತ್ತು ತರುವ ರಕ್ತದ್ದು. ಆ ರಕ್ತಕ್ಕೆ ನಾವೇ ಹಾಕುವ ಅಡ್ಡಗಟ್ಟೆ ಬೀಡಿ, ಸಿಗರೇಟು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಧೂಮಪಾನಿಗಳಲ್ಲಿ ಸ್ಕೇಫಾಯ್ಡ್ ಕಸಿ ಸೋಲುವುದು ಹೆಚ್ಚು. ಯಾವ ಕಸಿ ಎಂದು ವೈದ್ಯರು ಆರಿಸುತ್ತಾರೆ. ಸೇದುವುದನ್ನು ಬಿಡುವುದು ಮಾತ್ರ ನಿಮ್ಮ ಕೈಯಲ್ಲೇ ಇದೆ.

ಬಿದ್ದ ಮೇಲೆ ಏನು ಮಾಡಬೇಕು?

ಅಂಗೈ ಊರಿ ಬಿದ್ದು, ನಶ್ಯದ ಕುಳಿಯನ್ನು ಒತ್ತಿದಾಗ ನೋವಾದರೆ ಉಳುಕು ಎಂದು ನೀವೇ ತೀರ್ಮಾನಿಸಬೇಡಿ. ಎಕ್ಸ್-ರೇ ತೆಗೆಸಿ. ಅದರಲ್ಲಿ ಏನೂ ಕಾಣದಿದ್ದರೂ ನೋವು ಅಲ್ಲೇ ಇದ್ದರೆ, ಕೈಗೆ ಪಟ್ಟಿ ಹಾಕಿಸಿಕೊಂಡು 10ರಿಂದ 14 ದಿನದಲ್ಲಿ ಮತ್ತೆ ತೋರಿಸಿ. ಸಾಧ್ಯವಿದ್ದಲ್ಲಿ ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಬೇಗನೆ ಉತ್ತರ ಕೊಡುತ್ತದೆ.

ಮುರಿದಿದೆ ಎಂದ ಕೂಡಲೇ ಆಪರೇಷನ್ ಎಂದು ಹೆದರಬೇಕಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 31 ಆಸ್ಪತ್ರೆಗಳಲ್ಲಿ 439 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಮೂಳೆಯ ಸೊಂಟದಲ್ಲಿ ಮುರಿದು 2 ಮಿಲಿಮೀಟರಿಗಿಂತ ಹೆಚ್ಚು ಜರುಗದೇ ಇದ್ದವರಲ್ಲಿ, ಮೊದಲೇ ಸ್ಕ್ರೂ ಹಾಕಿಸಿಕೊಂಡವರಿಗೂ ಪ್ಲಾಸ್ಟರ್ ಹಾಕಿಸಿಕೊಂಡವರಿಗೂ ಒಂದು ವರ್ಷದ ನಂತರ ಕೈಯ ನೋವು, ಬಳಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಷರತ್ತು ಒಂದೇ: ಪ್ಲಾಸ್ಟರ್ ಬಿಚ್ಚಿದ ಮೇಲೆ ಕೂಡಿದೆಯೇ ಎಂದು ಪರೀಕ್ಷಿಸಿ, ಕೂಡದವರಿಗೆ ತಡಮಾಡದೆ ಸ್ಕ್ರೂ ಹಾಕಬೇಕು. ಎರಡನೇ ಭೇಟಿ ತಪ್ಪಿಸುವವರಿಗೆ ಈ ಒಳ್ಳೆಯ ಸುದ್ದಿ ಅನ್ವಯಿಸುವುದಿಲ್ಲ.

ಕಸಿ ಬೇಕು ಎಂದು ಹೇಳಿದ್ದರೆ ವೈದ್ಯರನ್ನು ಈ ಪ್ರಶ್ನೆಗಳನ್ನು ಕೇಳಿ:

- ಮುರಿತ ಎಲ್ಲಿದೆ: ನಡುವೆಯೋ, ಮುಂಗೈ ಕಡೆಯ ತುದಿಯಲ್ಲೋ?
- ಆ ತುಂಡಿನಲ್ಲಿ ರಕ್ತ ಓಡಾಟ ಇದೆಯೇ?
- ಮೂಳೆ ಬಾಗಿದೆಯೇ? ಕೀಲು ಸವೆಯಲು ಶುರುವಾಗಿದೆಯೇ?
- ಕಸಿ ಮೂಳೆ ಎಲ್ಲಿಂದ ತೆಗೆಯುತ್ತೀರಿ, ಯಾಕೆ ಅಲ್ಲಿಂದಲೇ?
- ಎಷ್ಟು ವಾರ ಪಟ್ಟಿ, ಕೂಡಿದೆ ಎಂದು ಹೇಗೆ ಖಚಿತ ಮಾಡಿಕೊಳ್ಳುತ್ತೀರಿ?

ಈ ಐದಕ್ಕೂ ಸರಿಯಾದ ಉತ್ತರ ಸಿಕ್ಕರೆ ಯಾವ ಕಸಿ ಎಂಬ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಸಿಗದಿದ್ದರೆ ಕೈಯ ಶಸ್ತ್ರಚಿಕಿತ್ಸೆಯಲ್ಲಿ ಪರಿಣತಿ ಇರುವ ಇನ್ನೊಬ್ಬರ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ.

ಕೊನೆಯದಾಗಿ ಒಂದು ಮಾತು. ನಿಮ್ಮ ಗ್ರೂಪಿನಲ್ಲೂ ಹೋದ ವರ್ಷ ಬೈಕಿನಿಂದ ಬಿದ್ದು, ಈಗಲೂ ಬಕೆಟ್ ಎತ್ತುವಾಗ ಮುಖ ಕಿವಿಚುವ ಒಬ್ಬರು ಇರಬಹುದು. ಹಳೆಯ ಉಳುಕು ಎಂದು ಅವರು ಹೇಳಿಕೊಂಡಿರುತ್ತಾರೆ. ಮಂಗರವಳ್ಳಿಯ ಫೋಟೊ ಬದಲು ಅವರಿಗೆ ಇದನ್ನು ಕಳಿಸಿ, ಒಂದು ಎಕ್ಸ್-ರೇ ತೆಗೆಸಲು ಹೇಳಿ. ಕೀಲು ಸವೆಯುವ ಮೊದಲು ಗೊತ್ತಾದರೆ ದಾರಿಗಳು ಇನ್ನೂ ಹಲವು ಇರುತ್ತವೆ.

(ಇದು ಸಾಮಾನ್ಯ ಮಾಹಿತಿ. ನಿಮ್ಮ ಚಿಕಿತ್ಸೆಯ ತೀರ್ಮಾನವನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರ ಜೊತೆ ಮಾತಾಡಿಯೇ ತೆಗೆದುಕೊಳ್ಳಿ.)